ಕರಿ ಬೆರಳಿನ ಚಿತ್ರ

ಚಾಮರಾಜಪುರಂ, ಮೈಸೂರು
೯ ಜೂನ್ ೨೦೨೫

ಪ್ರಿಯ ನಂಜಯ್ಯ,

ನಲವತ್ತೆರಡು ವರ್ಷದ ಮೇಲೆ ಈ ಅಕ್ಷರ ನೋಡುತ್ತಿದ್ದೀಯ. ಗುರುತು ಸಿಕ್ಕೇ ಇರುತ್ತದೆ, ಕೋಳಿ ಕೆದರಿದ ಹಾಗೆ ಬರೆಯುತ್ತೀಯ ಅಂತ ರೇಗಿಸುತ್ತಿದ್ದವನು ನೀನೇ. ಕೋಳಿಗೆ ಈಗ ಎಪ್ಪತ್ತೊಂಬತ್ತು. ಹರಿದು ಬಿಸಾಡುವ ಮುಂಚೆ ಪೂರ್ತಿ ಓದು, ಆಮೇಲೆ ನಿನ್ನಿಷ್ಟ.

ವಿಷಯ ಏನಪ್ಪಾ ಅಂದರೆ, ನಾನು ಮತ್ತೆ ಚಾಲ್ತಿಗೆ ಬಂದಿದ್ದೇನೆ. ‘ವಾರದ ದೀವಟಿಗೆ’ ಪತ್ರಿಕೆಯಲ್ಲಿ ನಾನು ಬರೆದು ನೀನು ಚಿತ್ರ ಹಾಕಿದ ಹನ್ನೆರಡು ವಿಲಕ್ಷಣ ಕಥೆಗಳನ್ನು ಈಗಿನ ಹುಡುಗರು ಹುಡುಕಿ ಹುಡುಕಿ ಓದುತ್ತಿದ್ದಾರೆ. ಕಾಲೇಜಿನಲ್ಲಿ ಒಬ್ಬಾಕೆ ನನ್ನ ಮೇಲೆ ಪ್ರಬಂಧ ಓದಿದಳು. ನನಗೆ ಅರ್ಧ ಅರ್ಥವಾಗಲಿಲ್ಲ, ಆದರೆ ಹೊಗಳಿಕೆ ಎಂಬುದು ಚೆನ್ನಾಗಿ ಅರ್ಥವಾಯಿತು. ಕಡಕೊಳದಲ್ಲಿ ಸಣ್ಣ ಮುದ್ರಣಾಲಯ ಇಟ್ಟುಕೊಂಡಿರುವ ತೇಜಸ್ವಿನಿ ಎಂಬ ಹುಡುಗಿ ಹನ್ನೆರಡನ್ನೂ ಸೇರಿಸಿ ಪುಸ್ತಕ ಮಾಡುತ್ತೇನೆಂದು ಬಂದಿದ್ದಾಳೆ. ಜೋರಿನ ಹುಡುಗಿ. ಚಿತ್ರಗಳಿಲ್ಲದೆ ಈ ಪುಸ್ತಕ ಮಾಡುವುದಿಲ್ಲ ಅಂತ ನನ್ನ ಮುಖದ ಮೇಲೇ ಹೇಳಿದಳು. ಮೂಲ ಚಿತ್ರಗಳು ನಿನ್ನ ಬಳಿ ಇವೆ ಎಂದು ಪತ್ತೆ ಮಾಡಿದ್ದೂ ಅವಳೇ.

ನಮ್ಮ ಪಾಡು ಅವಳಿಗೆ ವಿವರಿಸಿದೆ. ಕಥೆ ಅಚ್ಚಿಗೆ ಹೋಗುವುದು ಗುರುವಾರ, ಆದರೆ ಚಿತ್ರದ ಲೋಹದ ಅಚ್ಚು, ಅಂದರೆ ಬ್ಲಾಕ್, ಮಾಡುವವನಿಗೆ ಚಿತ್ರ ಸೋಮವಾರವೇ ಬೇಕು. ನಾನು ಕಥೆ ಮುಗಿಸಿರುತ್ತಿರಲಿಲ್ಲ. ಒಂದು ಸಾಲಿನ ಚೀಟಿ ಕಳಿಸುತ್ತಿದ್ದೆ, ಅದನ್ನು ನೋಡಿ ನೀನು ಚಿತ್ರ ಬರೆಯುತ್ತಿದ್ದೆ. ‘ಒಂದು ಜೀವ ಗಂಟೆ ಹೊಡೆಯುತ್ತಿದೆ’ ಎಂದು ಕಳಿಸಿದರೆ ನೀನು ಗಿರಿಜಾ ಮೀಸೆಯವನನ್ನು ಬರೆದುಬಿಟ್ಟೆ. ನನ್ನ ಕಥೆಯಲ್ಲಿ ಗಂಟೆ ಹೊಡೆಯುವವಳು ಶಾಲೆಯ ಆಯಾ. ಬ್ಲಾಕ್ ಆಗಿಹೋಗಿತ್ತು, ನಿನ್ನ ಮೀಸೆಗೋಸ್ಕರ ನಾನು ಆಯಾಳನ್ನು ಗಂಡಸು ಮಾಡಿದೆ. ತೇಜಸ್ವಿನಿ ಬಿದ್ದು ಬಿದ್ದು ನಕ್ಕಳು.

‘ಕರಿ ಬೆರಳು’ ಮಾತ್ರ ಹಾಗಲ್ಲ ಎಂದೆ. ಅದು ಪೂರ್ತಿ ನನ್ನ ತಲೆಯಿಂದಲೇ ಬಂದದ್ದು. ಎಲ್ಲರೂ ಕೇಳುವುದೂ ಅದನ್ನೇ. ಹಿತ್ತಲ ಬಾಗಿಲಲ್ಲಿ ಏನೋ ಬಂದು ಕೂರುತ್ತದೆ, ಮನೆಯವರ ಕಡೆ ಬೆನ್ನು, ಹೊಸ್ತಿಲ ಮೇಲೆ ಐದು ಕರಿಯ ಬೆರಳು. ಅದು ತಿರುಗುವುದೇ ಇಲ್ಲ, ತಿರುಗೀತೆಂಬ ಹೆದರಿಕೆಯಲ್ಲೇ ಮನೆ ಖಾಲಿಯಾಗುತ್ತದೆ. ಆ ಚಿತ್ರ ನನಗೆ ಅಷ್ಟು ಹಿಡಿಸಿದ್ದಲ್ಲ, ನಿನಗೂ ಗೊತ್ತು. ಆದರೂ ಕಳಿಸು.

ಎಂಬತ್ತಮೂರರಲ್ಲಿ ಪತ್ರಿಕೆಯ ಬೆಳ್ಳಿಹಬ್ಬದ ಸಭೆಯಿಂದ ನೀನು ಯಾಕೆ ಎದ್ದು ಹೋದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ವೇದಿಕೆಯ ಮೇಲೆ ಒಂದು ತಮಾಷೆ ಮಾಡಿದೆ, ಅಷ್ಟೇ. ಹೋಗಲಿ, ಹಳೆಯ ಮಾತು ಬೇಡ.

ನಿನ್ನ,
ವಾಗೀಶ

*

ಬನ್ನಿಮಂಟಪ
೧೭ ಜೂನ್ ೨೦೨೫

ವಾಗೀಶ,

ಕಾಗದ ಬಂತು. ಹರೀಲಿಲ್ಲ. ನೀನಿರೋದು ನಾಲ್ಕು ಮೈಲಿ ದೂರದಲ್ಲಿ, ಕಾಗದ ಬರೋಕೆ ಐದು ದಿನ ತಗೊಂತು. ಅಂಗಂತ ಫೋನ್ ಮಾಡ್ಬೇಡ. ಫೋನಲ್ಲಿ ನೀನು ಶುರು ಮಾಡಿದ್ರೆ ಎದುರಿಗಿರೋರಿಗೆ ಉಸ್ರು ಎಳ್ಕೊಳ್ಳೋಕೂ ಬುಡಲ್ಲ. ಕಾಗದ ಆದ್ರೆ ಸಾಕು ಅನ್ಸಿದಾಗ ಕನ್ನಡಕ ತೆಗೆದಿಟ್ಟು ಎದ್ದೋಗ್ಬೋದು.

ಚಿತ್ರಗಳು ಅವೆ. ಹಳೇ ಬ್ಯಾನರ್ ಬಟ್ಟೇಲಿ ಸುತ್ತಿ ಟ್ರಂಕಲ್ಲಿ ಇಟ್ಟಿದೀನಿ, ಗೆದ್ಲು ಮುಟ್ಟಿಲ್ಲ. ಬೋರ್ಡ್ ಬರೆಯೋ ಅಂಗಡಿ ಮುಚ್ಚಿ ಹದಿನೈದು ವರ್ಷ ಆಯ್ತು. ಅದೇ ಜಾಗದಲ್ಲಿ ಮಗ ಕುಮಾರಸ್ವಾಮಿ ಫ್ಲೆಕ್ಸ್ ಮಿಷನ್ ಹಾಕವ್ನೆ. ನಾನು ಒಂದು ವಾರ ಬರೀತಿದ್ದ ಬೋರ್ಡನ್ನ ಅದು ಟೀ ಕುಡಿಯೋವಷ್ಟರಲ್ಲಿ ಉಗುಳ್ತದೆ. ನೋಡೋಕೆ ಬೇಜಾರೇನಿಲ್ಲ, ಮಗ ಚೆನ್ನಾಗವ್ನೆ.

ಆ ಹುಡ್ಗಿ ಬಂದಿದ್ಲು. ಚಿತ್ರ ಮುಟ್ಟೋಕೆ ಮುಂಚೆ ಕೈ ತೊಳ್ಕೊಂಡು ಬತ್ತೀನಿ ಅಂದ್ಲು, ಅಷ್ಟಕ್ಕೇ ನಂಗೆ ಇಷ್ಟ ಆದ್ಲು. ಹನ್ನೊಂದು ಚಿತ್ರ ಕೊಟ್ಟು ಕಳಿಸ್ದೆ. ಮೀಸೆಯವನೂ ಅದ್ರಲ್ಲವ್ನೆ.

‘ಕರಿ ಬೆರಳು’ ಚಿತ್ರ ಕೊಡಲ್ಲ. ಯಾಕೆ ಏನು ಅಂತ ಕೇಳ್ಬೇಡ. ಹಳೇ ಸಂಚಿಕೆಯಿಂದ ಫೋಟೋ ತೆಗೆದು ಹಾಕೋ ಕಳ್ಳಾಟ ಆಡ್ಬೇಡ, ನಿನ್ನ ಬುದ್ಧಿ ನಂಗೆ ಗೊತ್ತು.

ನಂಜಯ್ಯ

*

ಚಾಮರಾಜಪುರಂ
೨೪ ಜೂನ್ ೨೦೨೫

ಪ್ರಿಯ ನಂಜಯ್ಯ,

ಹನ್ನೊಂದು ಚಿತ್ರಕ್ಕೂ ವಂದನೆ. ಮಿಕ್ಕ ಒಂದನ್ನು ನೀನೇ ಇಟ್ಟುಕೋ. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು. ಬಾಗಿಲಲ್ಲಿ ಕೂತದ್ದು ಏನೆಂದು ನಾನು ಕಥೆಯಲ್ಲಿ ಎಲ್ಲೂ ಹೇಳಿಲ್ಲ. ಹೇಳದೆ ಹೆದರಿಸುವುದೇ ನನ್ನ ಕಸುಬು. ನೀನು ಅದನ್ನು ಬರೆದು ತೋರಿಸಿದೆ, ಓದುವವರು ಅಕ್ಷರ ಬಿಟ್ಟು ಚಿತ್ರವನ್ನೇ ನೆನಪಿಟ್ಟುಕೊಂಡರು. ಮದುವೆ ಮನೆಗಳಲ್ಲಿ ಜನ ನನ್ನ ಕೈ ಹಿಡಿದುಕೊಂಡು ‘ಸಾರ್, ಆ ಚಿತ್ರ’ ಎನ್ನುತ್ತಿದ್ದರು. ಕಥೆ ಬರೆದವನು ನಾನು ಕಣಯ್ಯ.

ತೇಜಸ್ವಿನಿ ಮುಖ ಸಿಂಡರಿಸಿಕೊಂಡಿದ್ದಾಳೆ. ಕಥೆ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ, ಬೇಕಿದ್ದರೆ ಪರೀಕ್ಷೆ ಮಾಡು ಎಂದು ಸವಾಲು ಹಾಕಿದ್ದೇನೆ. ಪ್ರತಿ ತಿಂಗಳೂ ಅವಳ ಮುದ್ರಣಾಲಯದಲ್ಲಿ ಇಪ್ಪತ್ತು ಜನ ಸೇರಿ ಕಥೆ ಓದುತ್ತಾರಂತೆ. ಮೊದಲು ಓದದವರಿಗೆ ಚಿತ್ರವಿಲ್ಲದೆ ‘ಕರಿ ಬೆರಳು’ ಓದಿ ಹೇಳು, ನಾನೂ ಬಂದು ಕೂರುತ್ತೇನೆ ಎಂದೆ. ಫಲಿತಾಂಶ ನಿನಗೂ ತಿಳಿಸುತ್ತೇನೆ, ಕಾಯುತ್ತಿರು.

ಗೆಲ್ಲುವವನು,
ವಾಗೀಶ

*

ಚಾಮರಾಜಪುರಂ
೨೮ ಜುಲೈ ೨೦೨೫

ಪ್ರಿಯ ನಂಜಯ್ಯ,

ನೀನು ಕಾಯುತ್ತಿರಲಿಲ್ಲ ಎಂದು ಗೊತ್ತು. ಆದರೂ ತಿಳಿಸುತ್ತೇನೆಂದಿದ್ದೆ, ತಿಳಿಸುತ್ತಿದ್ದೇನೆ. ಸೋತೆ.

ಭಾನುವಾರ ಬೆಳಿಗ್ಗೆ ಕಡಕೊಳಕ್ಕೆ ಹೋದೆ. ತೇಜಸ್ವಿನಿ ಓದಿದಳು, ಚೆನ್ನಾಗಿಯೇ ಓದಿದಳು. ಎಲ್ಲರೂ ಸೌಜನ್ಯಕ್ಕೆ ಚಪ್ಪಾಳೆ ತಟ್ಟಿದರು. ನಿರಂಜನ್ ಎಂಬ ಒಬ್ಬ, ಔಷಧಿ ಕಂಪನಿಯಲ್ಲಿ ಕೆಲಸವಂತೆ, ಎದ್ದು ನಿಂತು ಬಹಳ ಮರ್ಯಾದೆಯಿಂದ, ಬಾಗಿಲಲ್ಲಿ ಕೂತದ್ದು ಯಾರಿಗೂ ಏನೂ ಮಾಡುವುದಿಲ್ಲವಲ್ಲ, ಮತ್ತೆ ಮನೆಯವರು ಅದಕ್ಕೆ ಯಾಕೆ ಹೆದರಬೇಕು ಅಂತ ಕೇಳಿದ. ಐವತ್ತು ವರ್ಷದಿಂದ ಸಭೆಗಳಲ್ಲಿ ಉತ್ತರ ಕೊಟ್ಟವನು ನಾನು, ಅವತ್ತು ನೀರು ಕೇಳಿ ಕುಡಿದೆ.

ಮನೆಗೆ ಬಂದು ಕಥೆಯನ್ನು ಮೂರು ಸಲ ಓದಿದೆ. ಅವನು ಹೇಳಿದ್ದು ಸರಿ. ಕಥೆಯಲ್ಲಿ ಎದೆ ಝಲ್ಲೆನ್ನಿಸುವ ಸಾಲು ನಾಲ್ಕೇ ನಾಲ್ಕು. ಬೆನ್ನು, ಹೊಸ್ತಿಲು, ಬೆರಳು, ತಿರುಗದಿರುವುದು. ಆ ನಾಲ್ಕೂ ನನ್ನವಲ್ಲ.

ಈಗ ಒಂದು ಮಾತು ಹೇಳುತ್ತೇನೆ. ಇದನ್ನು ನನ್ನ ಹೆಂಡತಿ ಪ್ರೇಮಲೀಲಾಗೂ ಹೇಳಿಲ್ಲ. ಆ ಸೋಮವಾರ ನನ್ನ ತಲೆಯಲ್ಲಿ ಕಥೆಯೇ ಇರಲಿಲ್ಲ. ಸಂಪಾದಕರ ಕಾಟ ತಡೆಯಲಾರದೆ ‘ಬಾಗಿಲಲ್ಲಿ ಏನೋ ಕೂತಿದೆ’ ಎಂದು ಚೀಟಿ ಬರೆದು ನಿನಗೆ ಕಳಿಸಿ ಕೈ ತೊಳೆದುಕೊಂಡೆ. ಮಂಗಳವಾರ ಸಂಜೆ ಬ್ಲಾಕಿನ ಪ್ರೂಫ್ ಬಂತು. ನೋಡಿ ಮೈ ಜುಮ್ಮೆಂದಿತು. ಆ ಚಿತ್ರವನ್ನು ಮುಂದಿಟ್ಟುಕೊಂಡು, ಅದರಲ್ಲಿ ಕಂಡದ್ದನ್ನೆಲ್ಲ ಬರೆದು, ಬುಧವಾರ ಕಥೆ ಕೊಟ್ಟೆ. ಕನಸಿನಲ್ಲಿ ಹೊಳೆದದ್ದು ಎಂದು ಸಂದರ್ಶನಗಳಲ್ಲಿ ಹೇಳುತ್ತಾ ಬಂದದ್ದು ಶುದ್ಧ ಸುಳ್ಳು. ಚಿತ್ರವನ್ನು ಆಡಿಕೊಂಡದ್ದೂ ಅದಕ್ಕೇ. ಆಡಿಕೊಳ್ಳದಿದ್ದರೆ ಹೊಗಳಬೇಕಾಗಿತ್ತು, ಹೊಗಳಿದರೆ ನಿಜ ಎಲ್ಲಿ ಈಚೆ ಬಂದೀತೋ ಎಂಬ ಭಯ. ನಾಚಿಕೆಯಾಗುತ್ತಿದೆ ಕಣೋ, ಈ ವಯಸ್ಸಿನಲ್ಲಿ.

ಚಿತ್ರ ಕೊಡು ಎಂದು ಮತ್ತೆ ಕೇಳುತ್ತಿದ್ದೇನೆ. ಮುನ್ನುಡಿಯಲ್ಲಿ ಇಷ್ಟನ್ನೂ ಬರೆಯುತ್ತೇನೆ. ಕೊಡದಿದ್ದರೂ ಬರೆಯುತ್ತೇನೆ. ಆದರೆ ಇಷ್ಟು ವರ್ಷ ಕೇಳದಿದ್ದ ಒಂದು ಪ್ರಶ್ನೆ ಇದೆ. ಏನು ನಂಜಯ್ಯ ನೀನು ಬರೆದದ್ದು? ನನ್ನ ಆ ದರಿದ್ರ ಚೀಟಿಯನ್ನು ನೋಡಿ ಇದು ನಿನಗೆ ಎಲ್ಲಿಂದ ಬಂತು?

ವಾಗೀಶ

*

ಬನ್ನಿಮಂಟಪ
೧೧ ಆಗಸ್ಟ್ ೨೦೨೫

ವಾಗೀಶ,

ಕೇಳ್ದೆ ಅಂತ ಹೇಳ್ತೀನಿ. ಎಂಗೆ ಬರ್ದೆ ಅಂತ ಊರೆಲ್ಲ ಕೇಳ್ತು. ಏನು ಅದು ಅಂತ ಕೇಳ್ದೋನು ನೀನೊಬ್ನೆ, ಅದೂ ನಲ್ವತ್ತೇಳು ವರ್ಷ ಆದ್ಮೇಲೆ.

ಅದು ನಮ್ಮವ್ವ ಕಣೋ.

ನಿಮ್ಮನೆಗೆ ತಿಂಗಳಿಗೊಂದ್ಸಲ ಊದಿನಕಡ್ಡಿ ತಂದುಕೊಡೋ ಹೆಂಗ್ಸು ಒಬ್ಳಿದ್ಲಲ್ಲ, ಅವಳೇ. ನಾನು ಹೇಳಿರ್ಲಿಲ್ಲ, ನಿಂಗೆ ಗೊತ್ತಾಗೋ ದಾರಿ ಇರ್ಲಿಲ್ಲ. ಮನೇಲಿ ಕೂತು ದಿನಕ್ಕೆ ಸಾವಿರಗಟ್ಲೆ ಕಡ್ಡಿ ಹೊಸೀತಿದ್ಲು. ಇದ್ದಿಲಪುಡಿ ಕಲಸಿದ ಹಿಟ್ಟು, ಬೆರಳೆಲ್ಲ ಕರ್ರಗಾಗೋಗಿತ್ತು, ಎಷ್ಟು ಉಜ್ಜಿದ್ರೂ ಹೋಗ್ತಿರ್ಲಿಲ್ಲ. ಮುದ್ದೆ ಮುರಿದು ಕೈಗೆ ಕೊಟ್ರೆ ಮುದ್ದೇಲೂ ಗಂಧದ ವಾಸನೆ. ನಾನು ಅದನ್ನ ತಿಂದೇ ಬೆಳೆದೋನು.

ಆ ಬಾಗ್ಲೂ ನಿಮ್ಮನೇದೇ. ಚಿತ್ರದಲ್ಲಿ ಅಗಣಿ ನೋಡು, ಮೇಲಿನ ಅಡ್ಡಪಟ್ಟಿ ನೋಡು. ಹುಟ್ಟಿದಾಗಿಂದ ಆ ಮನೇಲಿರೋನು ನೀನು, ನಿಂಗೇ ಗುರ್ತು ಸಿಗ್ಲಿಲ್ಲ.

ಎಪ್ಪತ್ತೇಳ್ರಲ್ಲಿ ಒಂದಿನ ನಿಮ್ಮನೆ ಹಜಾರದಲ್ಲಿ ಕೂತಿದ್ವಿ. ನೀನು ಯಾವ್ದೋ ಕತೆ ಓದಿ ಹೇಳ್ತಿದ್ದೆ. ನಿಮ್ಮಮ್ಮ ಕಾಫಿ ತಂದುಕೊಟ್ರು, ನಿಂಗೆ ಎಂಥ ಲೋಟನೋ ನಂಗೂ ಅಂಥದ್ದೇ. ನಂಗೆ ಎಷ್ಟು ಖುಷಿ ಆಗಿತ್ತು ಅಂದ್ರೆ ಜೋರಾಗಿ ನಗ್ತಿದ್ದೆ. ಅಲ್ಲಿಂದ ಅಡುಗೆಮನೆ ದಾಟಿ ಹಿತ್ತಲ ಬಾಗ್ಲು ನೇರ ಕಾಣ್ತಿತ್ತು. ಅಲ್ಲಿ ಅವ್ವ ಕೂತಿದ್ಲು. ಬೆನ್ನು ಈ ಕಡೆಗೆ, ತಲೆ ಮೇಲೆ ಸೆರಗು, ಒಂದು ಕೈ ಹೊಸ್ತಿಲ ಮೇಲೆ. ಯಾರಾದ್ರೂ ಬಂದು ಕಟ್ಟು ತಗೊಂಡೋಗ್ಲಿ ಅಂತ ಕಾಯ್ತಿದ್ಲು. ನನ್ನ ಗಂಟ್ಲು ಅವಳಿಗೆ ಕೇಳ್ದೆ ಇರುತ್ತಾ? ತಿರುಗ್ಲಿಲ್ಲ. ನಾನು ಅವ್ವಾ ಅಂತ ಕರೀಲಿಲ್ಲ. ಕಾಫಿ ಪೂರ್ತಿ ಕುಡಿದೆ. ಮನೆಗೋದ್ಮೇಲೆ ಇಬ್ರೂ ಅದರ ಮಾತೆತ್ತಲಿಲ್ಲ.

ಮುಂದಿನ ವರ್ಷ ಹೋದ್ಲು. ಹನ್ನೊಂದನೇ ದಿನದ ಕಾರ್ಯ ಮುಗಿಸಿ ಆಫೀಸಿಗೆ ಬಂದ್ರೆ ಮೇಜಿನ ಮೇಲೆ ನಿನ್ನ ಚೀಟಿ. ಬಾಗಿಲಲ್ಲಿ ಏನೋ ಕೂತಿದೆ. ನಂಗೆ ಬೇರೆ ಏನೂ ಹೊಳೀಲಿಲ್ಲ. ಒಳಗಿಂದ ನೋಡಿದ್ರೆ ಎಂಗೆ ಕಾಣ್ತಿದ್ಲೋ ಅಂಗೇ ಬರ್ದೆ. ಕೈ ನಿಲ್ಲದಂಗೆ ಬರ್ದುಬುಟ್ಟೆ. ಬೆರಳಿಗೆ ಮಸಿ ತುಂಬುವಾಗ ಅಳ್ತಿದ್ದೆ.

ನೀನು ಬೆಳ್ಳಿಹಬ್ಬದಲ್ಲಿ ವೇದಿಕೆ ಮೇಲೆ ನಿಂತು ‘ನಮ್ಮ ನಂಜಯ್ಯ ಆ ವಿಕಾರಾನ ಬರೆದು ನನ್ನ ಕತೆ ಕೆಡಿಸ್ದ’ ಅಂದೆ. ಸಭೆ ನಕ್ತು. ಎದ್ದು ಬಂದೆ. ಇಷ್ಟು ವರ್ಷ ಆ ಸಿಟ್ಟೆಲ್ಲ ನಿನ್ನ ಮೇಲೇ ಅನ್ಕೊಂಡಿದ್ದೆ. ಈಗ ಬರೆಯೋಕೆ ಕೂತ್ರೆ ಅರ್ಧ ನನ್ನ ಮೇಲೇ ಅಂತ ಕಾಣ್ತದೆ. ಕರೆದಿದ್ರೆ ತಿರುಗ್ತಿದ್ಲು.

ಅದಕ್ಕೇ ಕೊಡಲ್ಲ ಅಂದಿದ್ದು. ಇನ್ನೊಂದು ತಲೆಮಾರಿನ ಮಕ್ಳು ನಮ್ಮವ್ವನ್ನ ನೋಡಿ ಕಿರುಚ್ಕೊಳ್ಳೋದು ಬೇಡ.

ನಂಜಯ್ಯ

*

ಚಾಮರಾಜಪುರಂ
೧೪ ಸೆಪ್ಟೆಂಬರ್ ೨೦೨೫

ಪ್ರಿಯ ನಂಜಯ್ಯ,

ನಿನ್ನ ಕಾಗದಕ್ಕೆ ಆರು ಸಲ ಉತ್ತರ ಬರೆದು ಹರಿದೆ. ಪ್ರತಿಯೊಂದರಲ್ಲೂ ನಾನು ಚೆನ್ನಾಗಿ ಬರೆದುಬಿಡುತ್ತಿದ್ದೆ. ಈ ವಿಷಯದಲ್ಲಿ ಚೆನ್ನಾಗಿ ಬರೆಯುವುದು ಅಸಹ್ಯ ಎನ್ನಿಸಿತು. ಆದ್ದರಿಂದ ನಡೆದದ್ದನ್ನಷ್ಟೇ ಹೇಳುತ್ತೇನೆ.

ಹಿತ್ತಲ ಬಾಗಿಲಿಗೆ ಹೋದೆ. ಈಗ ಅಲ್ಲಿ ಕಬ್ಬಿಣದ ಜಾಲರಿ ಇದೆ, ಗ್ಯಾಸ್ ಸಿಲಿಂಡರ್ ಇಡುತ್ತೇವೆ. ಅಗಣಿ ಅದೇ. ಹಳೆಯ ಸಂಚಿಕೆ ತಂದು ಪಕ್ಕದಲ್ಲಿ ಹಿಡಿದೆ. ಪಟ್ಟಿಯ ಬಿರುಕು ಕೂಡ ಬಿಡದೆ ಬರೆದಿದ್ದೀಯ. ಸಿಲಿಂಡರ್ ಸರಿಸಿ ಹೊಸ್ತಿಲ ಮೇಲೆ ಕೂತು ನೋಡಿದೆ. ನನ್ನ ಮೊಣಕಾಲಿಗೆ ಐದು ನಿಮಿಷ ತಡೆಯಲಾಗಲಿಲ್ಲ. ಪ್ರೇಮಲೀಲಾ ಬಂದು ಕೈ ಹಿಡಿದು ಎಬ್ಬಿಸಿದಳು. ಯಾಕೆ ಕೂತಿರಿ ಎಂದಳು, ಎಲ್ಲವನ್ನೂ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು, ಆಕೆಯ ಹೆಸರೇನು ಎಂದು. ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ‘ಊದಿನಕಡ್ಡಿಯವಳು’ ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತಿದ್ದೆ. ಆಕೆ ತಂದ ಕಡ್ಡಿಯನ್ನು ದಿನಾ ದೇವರ ಮುಂದೆ ಹಚ್ಚುತ್ತಿದ್ದೆವು.

ಬಾಗಿಲಲ್ಲಿ ಕೂತದ್ದು ಯಾರಿಗೂ ಏನೂ ಮಾಡುವುದಿಲ್ಲ, ಮತ್ತೆ ಮನೆಯವರು ಯಾಕೆ ಹೆದರಬೇಕು ಎಂದು ಆ ನಿರಂಜನ್ ಕೇಳಿದ್ದನಲ್ಲ, ಅದಕ್ಕೆ ಈಗ ನನ್ನ ಬಳಿ ಉತ್ತರ ಇದೆ. ಆಕೆ ತಿರುಗಿದ್ದರೆ ನಾವು ಮುಖ ನೋಡಬೇಕಾಗಿತ್ತು. ಇದನ್ನು ಮುನ್ನುಡಿಯಲ್ಲಿ ಬರೆದಿದ್ದೇನೆ, ಚೀಟಿಯ ವಿಷಯ, ಕನಸಿನ ಸುಳ್ಳು, ವೇದಿಕೆಯ ಮೇಲೆ ಆಡಿದ ಮಾತು, ಎಲ್ಲವನ್ನೂ. ನಿನ್ನ ತಾಯಿ ಎಂದು ಮಾತ್ರ ಬರೆದಿಲ್ಲ. ಅದನ್ನು ಹೇಳುವ ಹಕ್ಕು ನಿನ್ನದು.

‘ಕರಿ ಬೆರಳು’ ಕಥೆಯನ್ನು ಪುಸ್ತಕದಿಂದ ತೆಗೆದಿದ್ದೇನೆ. ತೇಜಸ್ವಿನಿ ಕೂಗಾಡಿದಳು, ಈ ಪುಸ್ತಕ ಕೊಳ್ಳುವವರೆಲ್ಲ ಅದಕ್ಕೇ ಕೊಳ್ಳುವುದು ಎಂದಳು. ಅವಳು ಹೇಳುವುದು ಸರಿ. ಆ ಕಥೆ ಇಲ್ಲದಿದ್ದರೆ ನಾನು ಹನ್ನೊಂದು ಸಾಧಾರಣ ಕಥೆಗಳ ಮುದುಕ. ಇರಲಿ. ಇನ್ನು ಯಾರೂ ನನ್ನ ಹೆಸರಿನಲ್ಲಿ ಆಕೆಯನ್ನು ನೋಡಿ ಹೆದರುವುದು ಬೇಡ. ಯಾರ ಒತ್ತಾಯಕ್ಕೂ ಇದನ್ನು ಮಾಡುತ್ತಿಲ್ಲ, ನನಗೆ ಬೇಕೆನಿಸಿದ್ದಕ್ಕೇ ಮಾಡುತ್ತಿದ್ದೇನೆ.

ಕ್ಷಮೆ ಕೇಳುತ್ತಿದ್ದೇನೆ ನಂಜಯ್ಯ. ನಿನ್ನನ್ನೂ, ಆಕೆಯನ್ನೂ. ಹೆಸರು ತಿಳಿಸುತ್ತೀಯಾ?

ವಾಗೀಶ

*

ಬನ್ನಿಮಂಟಪ
೬ ಅಕ್ಟೋಬರ್ ೨೦೨೫

ವಾಗೀಶ,

ದಸರಾ ಪಂಜಿನ ಕವಾಯತು ಮುಗಿದು ನಾಲ್ಕು ದಿನ ಆಯ್ತು, ನಮ್ಮ ರಸ್ತೇಲಿ ಇನ್ನೂ ಕಡ್ಲೇಕಾಯಿ ಸಿಪ್ಪೆ ಗುಡಿಸ್ತಾವ್ರೆ. ಅದಕ್ಕೇ ತಡ ಆಯ್ತು ಅಂತ ನೆವ ಹೇಳಲ್ಲ. ಯೋಚ್ನೆ ಮಾಡ್ತಿದ್ದೆ.

ಆಯುಧಪೂಜೆ ದಿನ ಕುಮಾರಸ್ವಾಮಿ ಫ್ಲೆಕ್ಸ್ ಮಿಷನ್ನಿಗೆ ಹೂ ಹಾಕಿ ಬೂದುಗುಂಬಳಕಾಯಿ ಒಡೆಯೋಕೆ ನಿಂತಿದ್ದ. ಏನನ್ನಿಸ್ತೋ, ನನ್ನ ಹಳೇ ಬ್ರಷ್ಷೆಲ್ಲ ಈಚೆಗೆ ತೆಗೆದು ಪೂಜೆಗಿಟ್ಟೆ, ಪಕ್ಕದಲ್ಲಿ ಆ ಚಿತ್ರಾನೂ ಇಟ್ಟೆ. ಸೊಸೆ ಐಶ್ವರ್ಯ ನೋಡಿ ಎದೆ ಹಿಡ್ಕೊಂಡ್ಳು. ಇದು ನಿಮ್ಮತ್ತೆಯ ಅತ್ತೆ ಕಣಮ್ಮ ಅಂತ ಹೇಳ್ದೆ. ಕುಮಾರಸ್ವಾಮಿಗೂ ಆವತ್ತೇ ಗೊತ್ತಾಗಿದ್ದು. ಕಾಫಿ ಕುಡಿದಿದ್ದನ್ನೂ ಹೇಳ್ದೆ, ಮುಚ್ಚಿಡಲಿಲ್ಲ. ಮಗ ಚಿತ್ರಕ್ಕೆ ಕುಂಕುಮ ಇಡೋಕೋದ, ಹಾಳಾಗ್ತದೆ ಅಂತ ತಡೆದೆ. ಐಶ್ವರ್ಯ ಹತ್ರ ಬಂದು ಬಗ್ಗಿ ನೋಡಿ, ‘ಮಾವ, ಇವ್ರು ಹೆದರ್ಕೊಂಡು ಕೂತಿರೋರ ಥರ ಇಲ್ಲ’ ಅಂದ್ಲು.

ಆ ಮಾತು ನನ್ನ ಬುಡ್ಲಿಲ್ಲ. ಅವ್ವ ಬದುಕಿದ್ದಷ್ಟು ದಿನ ಎಲ್ರಿಗೂ ಹೆದರಿದೋಳು. ಕಡ್ಡಿ ಎಣಿಸ್ಕೊಳ್ಳೋ ಮೇಸ್ತ್ರಿಗೆ ಹೆದರ್ತಿದ್ಲು, ಆಸ್ಪತ್ರೆ ಆಯಾಗೆ ಹೆದರ್ತಿದ್ಲು, ನಿಮ್ಮಮ್ಮ ಕೆಮ್ಮಿದ್ರೆ ಎದ್ದು ನಿಲ್ತಿದ್ಲು. ಅಂಥೋಳು ನಲ್ವತ್ತೇಳು ವರ್ಷದಿಂದ, ಒಂದ್ಸಲ ಕೂಡ ತಿರುಗ್ದೆ, ಓದು ಬರಹ ಬಲ್ಲೋರ ಮನೆಗಳನ್ನೆಲ್ಲ ನಡುಗಿಸ್ತಾವ್ಳೆ. ನಿನ್ನ ಕತೇಲಿ ಒಂದು ಮನೇನೇ ಖಾಲಿ ಮಾಡಿಸವ್ಳೆ. ನಾನು ಯಾಕೋ ಅದನ್ನ ತಡೀಲಿ?

ಹೆದರಿಸ್ಲಿ ಬುಡು.

ಕತೆ ತೆಗೀಬೇಡ, ಒಳಗೆ ಸೇರ್ಸು. ಚಿತ್ರ ತೇಜಸ್ವಿನಿ ಕೈಲಿ ಕಳಿಸಿದೀನಿ, ಅವಳು ಕೈ ತೊಳ್ಕೊಂಡೇ ತಗೊಂಡ್ಲು. ಮುನ್ನುಡೀಲಿ ನಮ್ಮವ್ವ ಅಂತಾನೇ ಬರಿ. ಕಾಫಿ ವಿಷಯಾನೂ ಬರಿ, ನಿಂಗೊಬ್ನಿಗೇ ನಾಚಿಕೆ ಆಗೋದು ಬೇಡ. ಚಿತ್ರದ ಕೆಳಗೆ ಚಿತ್ರಕಾರ ಅಂತ ನನ್ನ ಹೆಸ್ರು ಹಾಕಿಸ್ಬೇಡ, ಅವಳ ಹೆಸ್ರು ಹಾಕ್ಸು. ನೀನು ಕೇಳಿದ್ದು ಕೆಳಗೇ ಇದೆ.

ಇಂತಿ,
ಪುಟ್ಟತಾಯಮ್ಮನ ಮಗ
ನಂಜಯ್ಯ